ಅತ್ತೆಮನೆಯ ಗೋಲು

ನಮ್ಮ ತಂಡ ಪೂರಾ ಕೆಟ್ಟದಾಗಿದ್ದರೆ ನಾನು ಅದನ್ನು ಎಂದೋ ಬಿಟ್ಟುಬಿಡುತ್ತಿದ್ದೆ. ಅದು ಅಷ್ಟು ಕೆಟ್ಟದಾಗಿರಲಿಲ್ಲ, ತೊಂದರೆ ಇದ್ದದ್ದೇ ಅಲ್ಲಿ. ಪ್ರತಿ ಬೇಸಿಗೆಯಲ್ಲೂ ಒಂದು ಮ್ಯಾಚು ಚೆನ್ನಾಗಿ ಆಡಿ, ನಮ್ಮ ಮೂಗಿಗೆ ತುಪ್ಪ ಸವರಿ, ಮುಂದಿನ ಮ್ಯಾಚಿನಲ್ಲಿ ಎರಡು ಗೋಲು ತಿಂದು ಮನೆ ಸೇರುತ್ತಿತ್ತು. ಚಿಕ್ಕೋಡಿಯವರನ್ನು ಹೊಡೆಯುತ್ತಿತ್ತು, ಸಂಕೇಶ್ವರದವರನ್ನು ಹೊಡೆಯುತ್ತಿತ್ತು. ಕೊಲ್ಲಾಪುರದ ತಂಡ ಬಂದು ಎದುರಿಗೆ ನಿಂತಿತೆಂದರೆ ಮಾತ್ರ ಇವರ ಕಾಲುಗಳಿಗೆ ಏನಾಗುತ್ತಿತ್ತೋ ದೇವರೇ ಬಲ್ಲ. ಎಂಬತ್ತರ ದಶಕವೆಲ್ಲ ನಾನು ನಿಪ್ಪಾಣಿಯ ಮೈದಾನದ ಬದಿಯಲ್ಲಿ ನಿಂತು ಇದನ್ನೇ ನೋಡಿದೆ. ಗೆಲ್ಲಬಹುದಾದ ಮ್ಯಾಚನ್ನು ಸೋಲುವುದರಲ್ಲಿ ನಮ್ಮವರಷ್ಟು ನುರಿತವರನ್ನು ನಾನು ಬೇರೆಲ್ಲೂ ಕಂಡಿಲ್ಲ.

ಅಥಣಿ, ರಾಯಬಾಗದ ಕಡೆಯವರಿಗೆ ಈ ಹುಚ್ಚನ್ನು ತಿಳಿಸಿ ಹೇಳುವುದು ಕಷ್ಟ. ಅಲ್ಲಿ ಹುಡುಗರು ಕ್ರಿಕೆಟ್ ಆಡುತ್ತಾರೆ, ಕಬಡ್ಡಿ ಆಡುತ್ತಾರೆ. ನಿಪ್ಪಾಣಿಗೆ ಫುಟ್‌ಬಾಲ್ ಅಂಟಿಕೊಂಡದ್ದು ಕೊಲ್ಲಾಪುರದಿಂದ. ಬಸ್ಸು ಹತ್ತಿ ಒಂದು ನಿದ್ದೆ ತೆಗೆಯುವಷ್ಟರಲ್ಲಿ ಕೊಲ್ಲಾಪುರ ಬರುತ್ತದೆ. ಅಲ್ಲಿ ಪೇಠೆಗೊಂದು ತಾಲೀಮು, ಅಂದರೆ ಗರಡಿಮನೆ, ಮತ್ತು ಪ್ರತಿ ತಾಲೀಮಿಗೂ ತನ್ನದೇ ಒಂದು ಫುಟ್‌ಬಾಲ್ ತಂಡ. ಕುಸ್ತಿಯ ಪೈಲ್ವಾನರು ಕೂಡ ಚಹಾ ಕುಡಿಯುತ್ತ ಫುಟ್‌ಬಾಲಿನ ಮಾತಾಡುವ ಊರು ಅದು. ಆ ಗಾಳಿ ನಮ್ಮ ಗಲ್ಲಿಗೂ ಬೀಸಿತು. ನಮ್ಮವರೂ ತಂಡ ಕಟ್ಟಿದರು, ಹಳದಿ ಅಂಗಿ ಹೊಲಿಸಿದರು, ಬೇಸಿಗೆಯಲ್ಲಿ ಒಂದು ಟೂರ್ನಮೆಂಟ್ ಇಟ್ಟು ಕೊಲ್ಲಾಪುರದ ತಂಡಗಳನ್ನು ಕರೆಯತೊಡಗಿದರು. ಕರೆಸಿ, ಊಟ ಹಾಕಿ, ಅವರ ಕೈಯಲ್ಲಿ ಸೋತು, ಕಪ್ ಅವರ ಕೈಗೇ ಕೊಟ್ಟು ಬಸ್ಸು ಹತ್ತಿಸಿ ಬರುವುದು ನಮ್ಮ ಪದ್ಧತಿಯಾಯಿತು.

ನಾನು ಆಗ ಒಂದು ತಂಬಾಕಿನ ವಖಾರಿಯಲ್ಲಿ, ಅಂದರೆ ಗೋದಾಮಿನಲ್ಲಿ, ದಿವಾಣಜಿಯಾಗಿದ್ದೆ. ತಂಬಾಕಿನ ಚೀಲಗಳು ಬರುವುದು ಹೋಗುವುದನ್ನು ಬರೆದಿಡುವ ಕೆಲಸ. ತಂಡದ ಅರ್ಧ ಹುಡುಗರು ಅಂಥವೇ ವಖಾರಿಗಳಲ್ಲಿ ಚೀಲ ಹೊರುತ್ತಿದ್ದರು. ಕ್ಯಾಪ್ಟನ್ ಮಾತ್ರ ಬೋರಗಾಂವದವನು, ಅಲ್ಲಿ ಪವರ್‌ಲೂಮ್ ನಡೆಸುತ್ತಿದ್ದ. ಪಾಳಿ ಮುಗಿಸಿ, ಕೂದಲಲ್ಲಿ ಅಂಟಿದ ಹತ್ತಿಯ ನೂಲನ್ನೂ ಕೊಡವಿಕೊಳ್ಳದೆ, ಸೈಕಲ್ ತುಳಿದು ಮೈದಾನಕ್ಕೆ ಬರುತ್ತಿದ್ದ. ಮೊಣಕಾಲು ಹಾಳಾಗಿತ್ತು, ಹೆಂಡತಿಯ ಹಳೆಯ ಸೀರೆ ಹರಿದು ಪಟ್ಟಿ ಮಾಡಿ ಸುತ್ತಿಕೊಳ್ಳುತ್ತಿದ್ದ. ಸೋತ ದಿನ ಎಲ್ಲರೂ ತಲೆ ತಪ್ಪಿಸಿಕೊಂಡು ಹೋದರೆ ಇವನು ನೇರ ನನ್ನ ಬಳಿ ಬಂದು ನಿಲ್ಲುತ್ತಿದ್ದ.

"ದಿವಾಣಜಿ, ಮುಂದಿನ ವರ್ಷ ನೋಡ್ರಿ ನೀವು."

"ನೋಡೂದ ಐತಲ್ಲಪಾ ನನ್ನ ಹಣೇಬರಾ," ಎನ್ನುತ್ತಿದ್ದೆ ನಾನು.

"ಕಾಲ ನಡ್ಯೂತನಾ ಒಮ್ಮೆ ಕೊಲ್ಲಾಪುರದಾವ್ರನ್ನ ಹೊಡೀಬೇಕ್ರಿ. ಒಮ್ಮೆ ಸಾಕ. ಆಮ್ಯಾಲ ಅಂಗಿ ಬಿಚ್ಚಿ ಇಡ್ತೀನಿ."

ಅವನ ಆಸೆಯೇ ನನ್ನ ಆಸೆಯೂ ಆಗಿತ್ತು. ಕಪ್ ಬೇಡ, ಫೈನಲ್ ಬೇಡ. ಕೊಲ್ಲಾಪುರದ ಒಂದು ತಂಡವನ್ನು, ನಮ್ಮ ಮೈದಾನದಲ್ಲಿ, ಒಮ್ಮೆ. ಇಷ್ಟು ಸಣ್ಣದನ್ನು ಬಯಸಿ ಇಷ್ಟು ವರ್ಷ ಕಾಯುವುದೇ ಒಂದು ನಾಚಿಕೆ ಎಂದು ನನಗೆ ಆಗಲೂ ಅನ್ನಿಸುತ್ತಿತ್ತು.

ವಖಾರಿಯಲ್ಲಿ ನನ್ನ ದನಿ ಎತ್ತರವಾದದ್ದನ್ನು ಯಾರೂ ಕೇಳಿರಲಿಲ್ಲ. ಮೈದಾನದಲ್ಲಿ ಮಾತ್ರ ಬಾಯಿಗೆ ಬಂದದ್ದು ಬೈಯುತ್ತಿದ್ದೆ. ಒಮ್ಮೆ ನಮ್ಮ ಕೀಪರ್ ಎರಡು ಕೈಗಳ ನಡುವಿನಿಂದ ಚೆಂಡು ಬಿಟ್ಟಾಗ ಸಿಟ್ಟಿನಲ್ಲಿ ಚಪ್ಪಲಿ ತೆಗೆದು ಎಸೆದೆ. ಅದನ್ನು ಅವನು ಗಾಳಿಯಲ್ಲೇ ಹಿಡಿದ. ತಂದು ನನ್ನ ಕಾಲ ಬಳಿ ಇಟ್ಟು, "ಹಾಕ್ಕೋರಿ ದಿವಾಣಜಿ, ಕಾಲ ಸುಡತಾವು" ಎಂದ. ಚಪ್ಪಲಿಯನ್ನು ಅಷ್ಟು ಚೆಂದ ಹಿಡಿಯುವವನು ಚೆಂಡನ್ನು ಯಾಕೆ ಬಿಡುತ್ತಾನೆ ಎಂದು ಸುತ್ತಲಿನವರು ಹೊಟ್ಟೆ ಹಿಡಿದು ನಕ್ಕರು. ಅವನ ವಿನಯ ನನಗೆ ಸೋಲಿಗಿಂತ ಹೆಚ್ಚು ಚುಚ್ಚಿತು.

ಎಂಬತ್ತರ ದಶಕದ ನಡುವಿನಲ್ಲಿ ನನ್ನ ಮದುವೆಯಾಯಿತು. ಹೆಣ್ಣು ಕಾಗವಾಡದ ಕಡೆಯವಳು. ಕಬ್ಬು, ದ್ರಾಕ್ಷಿ ಇದ್ದ ಒಕ್ಕಲುತನದ ಮನೆ, ಒಳ್ಳೆಯ ಜನ. ಮದುವೆ ಗೊತ್ತುಮಾಡುವಾಗ ನಮ್ಮ ಹಿರಿಯರು ಹೊಲ ನೋಡಿದರು, ಮನೆ ನೋಡಿದರು, ಜಾತಕ ನೋಡಿದರು. ಹೆಣ್ಣಿನ ತಮ್ಮ ಕೊಲ್ಲಾಪುರದ ಫೌಂಡ್ರಿಯೊಂದರಲ್ಲಿ ಕೆಲಸಕ್ಕಿದ್ದಾನೆ ಎಂದು ಕೇಳಿ ಸಂತೋಷಪಟ್ಟರು. ಅವನು ಅಲ್ಲಿನ ತಾಲೀಮೊಂದರ ತಂಡಕ್ಕೆ ಗೋಲ್‌ಕೀಪರ್ ಎಂಬುದನ್ನು ಯಾರೂ ಕೇಳಲಿಲ್ಲ, ಯಾರೂ ಹೇಳಲಿಲ್ಲ.

ನನಗೆ ಗೊತ್ತಾದದ್ದು ಅರಿಷಿಣ ಇನ್ನೂ ಆರದ ಮೈಯಲ್ಲಿ, ಅತ್ತೆಮನೆಯ ಪಡಸಾಲೆಯಲ್ಲಿ ಕುಳಿತಿದ್ದಾಗ. ಅವರ ಕಡೆ ಅಕ್ಕನ ಗಂಡನಿಗೆ ಮರಾಠಿಯವರಂತೆ ದಾಜಿ ಎನ್ನುತ್ತಾರೆ. ಮಾತಿಗೆ ಮಾತು ಬಂದು, ನಾನು ನಿಪ್ಪಾಣಿಯ ಹಳದಿ ಅಂಗಿಯವರ ಕಡೆಯವನು ಎಂದಾಗ ಹೆಂಡತಿಯ ತಮ್ಮನ ಮುಖದಲ್ಲಿ ಮೂಡಿದ ಮರುಕವನ್ನು ನಾನು ಮರೆತಿಲ್ಲ.

"ಯಾಕ್ರಿ ದಾಜಿ, ಬ್ಯಾರೆ ತಂಡ ಸಿಗಲಿಲ್ಲೇನ್ರಿ ನಿಮಗ?"

ಮನೆಯವರೆಲ್ಲ ನಕ್ಕರು. ಹೊಸ ಅಳಿಯ ನಗಬೇಕು, ನಾನೂ ನಕ್ಕೆ. ಅಂದಿನಿಂದ ಹಬ್ಬಕ್ಕೆ ಹೋದರೂ ಅದೇ, ಹೊಲ ನೋಡಲು ಹೋದರೂ ಅದೇ. "ದಾಜಿ ಬಂದ್ರು, ಚಾ ಮಾಡ್ರಿ, ಪಾಪ ಮೊನ್ನೆ ಮೂರು ಗೋಲ್ ತಿಂದಾರ." ಅವನ ಮಾತಿನಲ್ಲಿ ವಿಷ ಇರಲಿಲ್ಲ. ಅವನು ಒಳ್ಳೆಯ ಹುಡುಗ, ಅಕ್ಕನೆಂದರೆ ಪ್ರಾಣ. ವರ್ಷಕ್ಕೊಮ್ಮೆ ಅವನ ತಂಡ ನಮ್ಮ ಟೂರ್ನಮೆಂಟಿಗೆ ಬರುತ್ತಿತ್ತು, ನಮ್ಮನ್ನು ಹೊಡೆಯುತ್ತಿತ್ತು, ಅವನು ಕೈಕಾಲು ತೊಳೆದು ನಮ್ಮ ಮನೆಗೇ ಊಟಕ್ಕೆ ಬರುತ್ತಿದ್ದ. ನನ್ನ ಹೆಂಡತಿ ಅವನ ತಾಟಿಗೆ ಮತ್ತೊಂದು ಹೋಳಿಗೆ ಬಡಿಸಿ, "ತಿನ್ನಪಾ, ದಣದಿ" ಎನ್ನುತ್ತಿದ್ದಳು. ಏನು ದಣಿದಿದ್ದ? ನಮ್ಮವರು ಇಡೀ ಆಟದಲ್ಲಿ ಅವನ ಕೈಗೆ ಎರಡು ಸಲ ಚೆಂಡು ಮುಟ್ಟಿಸಿದ್ದರೆ ಹೆಚ್ಚು. ನಾನು ತಲೆ ಎತ್ತದೆ ಉಣ್ಣುತ್ತಿದ್ದೆ.

ತೊಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ಒಂದು ವರ್ಷ ವೈಶಾಖ ಅಧಿಕ ಬಂತು. ಮೂರು ವರ್ಷಕ್ಕೊಮ್ಮೆ ಬರುವ ಈ ಹೆಚ್ಚಿನ ತಿಂಗಳಲ್ಲಿ ನಮ್ಮ ಗಡಿ ಸೀಮೆಯ ಮನೆಗಳಲ್ಲಿ ಮಗಳು ಅಳಿಯನನ್ನು ಕರೆಸಿ, ಲಕ್ಷ್ಮೀ ನಾರಾಯಣ ಎಂದು ಮಣೆಯ ಮೇಲೆ ಕೂರಿಸಿ, ಪಾದ ತೊಳೆದು, ತಾಟಿನ ತುಂಬ ಅನಾರಸವೆಂಬ ಅಕ್ಕಿ ಹಿಟ್ಟಿನ ಸಿಹಿ ಇಟ್ಟು, ಬಟ್ಟೆಯ ಆಹೇರಿ, ಅಂದರೆ ಉಡುಗೊರೆ, ಕೊಡುತ್ತಾರೆ. ಅಷ್ಟಕ್ಕೇ ಮುಗಿಯುವುದಿಲ್ಲ. ಎಲ್ಲ ಬಡಿಸಿದ ಮೇಲೆ ಅಳಿಯ ತುತ್ತು ಎತ್ತದೆ ಸುಮ್ಮನೆ ಮುನಿಸಿಕೊಂಡು ಕೂರಬೇಕು. ಅತ್ತೆಮನೆಯವರು ಏನು ಬೇಕು ಎಂದು ರಮಿಸಿ ಕೇಳಬೇಕು. ಅವನು ಗಡಿಯಾರವೋ ಉಂಗುರವೋ ಕೇಳಬೇಕು, ಅವರು ಹೂಂ ಅನ್ನಬೇಕು, ಆಮೇಲೆ ಊಟ. ನನ್ನ ಷಡ್ಡಕ, ಅಂದರೆ ಹೆಂಡತಿಯ ಅಕ್ಕನ ಗಂಡ, ನನ್ನ ಪಕ್ಕದ ಮಣೆಯಲ್ಲಿ ಕುಳಿತು ಟೇಪ್ ರೆಕಾರ್ಡರ್ ಕೇಳಿ ಹೂಂ ಅನ್ನಿಸಿಕೊಂಡು ಆಗಲೇ ಊಟಕ್ಕೆ ಕೈ ಹಾಕಿದ್ದ.

ನನಗೆ ಈ ನಾಟಕ ಆಗುವುದಿಲ್ಲ. ಆದರೆ ಅತ್ತೆ ಬಾಗಿಲ ಬಳಿ ಸೆರಗು ಹೊದ್ದು ನಿಂತಿದ್ದರು. ಅವರು ಐಗಳಿ ಎಂಬ ಹಳ್ಳಿಯಲ್ಲಿ ಹುಟ್ಟಿ ಬೆಳೆದವರು, ಪದ್ಧತಿ ಎಂದರೆ ಪದ್ಧತಿ.

"ಅಳಿಯಾರು ಯಾಕ ತುತ್ತ ಎತ್ತವಲ್ರು? ಏನ ಬೇಕ್ರಿ ನಿಮಗ, ಬಾಯಿ ಬಿಟ್ಟ ಕೇಳ್ರಿ."

"ನನಗೇನೂ ಬ್ಯಾಡ್ರಿ ಅತ್ತಿ," ಎಂದೆ. ಹಾಗೆಂದು ಬಿಟ್ಟಿದ್ದರೆ ಆಗುತ್ತಿತ್ತು. ಎದುರಿಗೆ ಭಾವಮೈದುನ ಮೀಸೆಯಡಿ ನಗುತ್ತ ಕುಳಿತಿದ್ದ. ಹತ್ತು ದಿನಕ್ಕೆ ನಮ್ಮ ಟೂರ್ನಮೆಂಟ್ ಇತ್ತು, ಮೊದಲ ಸುತ್ತಿನಲ್ಲೇ ನಮಗೆ ಅವನ ತಂಡ ಬಿದ್ದಿತ್ತು. "ನಿಮ್ಮ ಮಗ ಒಮ್ಮೆ ನಮ್ಮ ಕೈಯಾಗ ಸೋತ್ರ ಸಾಕ್ರಿ. ಅದ ನನಗ ಆಹೇರಿ."

ಮನೆ ಹಾರಿಹೋಗುವ ಹಾಗೆ ನಕ್ಕರು. ನನ್ನ ಮಾವನವರು ಕೂಡ ನಕ್ಕರು, ಅವರು ನಗುವುದು ಅಪರೂಪ. ನನ್ನ ಷಡ್ಡಕನಿಗೆ ತುತ್ತು ನೆತ್ತಿಗೇರಿತು. ನಾನು ಒಂದು ಒಳ್ಳೆಯ ಮಾತು ಹೇಳಿದೆ ಎಂಬ ಹೆಮ್ಮೆಯಲ್ಲಿ ಅನಾರಸ ಮುರಿದೆ. ಅತ್ತೆ ನಕ್ಕರೋ ಇಲ್ಲವೋ ನಾನು ನೋಡಲಿಲ್ಲ.

ಆ ಮ್ಯಾಚಿನ ದಿನ ಬಿಸಿಲು ಇಳಿಯುವ ಹೊತ್ತಿಗೆ ಮೈದಾನ ತುಂಬಿತ್ತು. ವಖಾರಿಯ ಹೆಣ್ಣುಮಕ್ಕಳು ಕೆಲಸ ಬಿಟ್ಟು ಮನೆಗೆ ಹೋಗುವ ದಾರಿಯಲ್ಲಿ ಗೋಡೆಯಾಚೆ ನಿಂತು ನೋಡುತ್ತಿದ್ದರು. ಅಂದು ನನ್ನ ಹೆಂಡತಿಯೂ ಅವರ ನಡುವೆ ಬಂದು ನಿಂತಿದ್ದಳು. ಮೈಕಿನವನು ಒಂದು ವಾಕ್ಯ ಮರಾಠಿಯಲ್ಲಿ, ಒಂದು ವಾಕ್ಯ ಕನ್ನಡದಲ್ಲಿ ಕೂಗುತ್ತಿದ್ದ. ನಾನು ಯಾವಾಗಲೂ ನಿಲ್ಲುವ ಜಾಗದಲ್ಲಿ, ಗೋಲಿನ ಪಕ್ಕ, ಸೋಲಿಗೆ ತಯಾರಾಗಿ ನಿಂತೆ.

ಮೊದಲ ಅರ್ಧ ಮುಗಿದಾಗ ಯಾರಿಗೂ ಗೋಲು ಇಲ್ಲ. ನನಗೆ ನಂಬಿಕೆ ಬರಲಿಲ್ಲ. ಕೊಲ್ಲಾಪುರದವರು ಹೊಡೆದ ಚೆಂಡೆಲ್ಲ ಕಂಬದ ಮೇಲಿನಿಂದ ಹಾರಿ ರಸ್ತೆಗೆ ಬೀಳುತ್ತಿತ್ತು. ನಮ್ಮ ಹುಡುಗರು ಎಲ್ಲೆಂದರಲ್ಲಿ ಓಡುತ್ತಿದ್ದರು. "ಇವತ್ತ ಹುಡುಗರ ರಂಗs ಬ್ಯಾರೆ ಐತಿ" ಎಂದು ಪಕ್ಕದವರಿಗೆ ಹೇಳಿದೆ. ಕೊಲ್ಲಾಪುರದವರು ನಮ್ಮ ಆಟ ಕಂಡು ಅಳುಕಿದ್ದಾರೆ ಎಂದೂ ಹೇಳಿದೆ. ನಾನು ಅಂದು ಬಹಳ ಮಾತಾಡಿದೆ.

ಆಟ ಮುಗಿಯಲು ಇನ್ನೇನು ಸ್ವಲ್ಪ ಹೊತ್ತಿದೆ ಎನ್ನುವಾಗ ಚೆಂಡು ನಮ್ಮ ಕ್ಯಾಪ್ಟನ್ನನ ಕಾಲಿಗೆ ಬಂತು. ಅವನ ಮುಂದೆ ಯಾರೂ ಇರಲಿಲ್ಲ. ಅವನು ಒದ್ದ. ಒದ್ದ ಎನ್ನುವುದೂ ಹೆಚ್ಚಾಯಿತು. ಮೊಣಕಾಲು ಹಿಡಿದುಕೊಂಡು, ತಳ್ಳಿದ. ಚೆಂಡು ಧೂಳಿನಲ್ಲಿ ಉರುಳುತ್ತ ಎಡಗಂಬದ ಕಡೆ ಹೋಯಿತು. ನನ್ನ ಭಾವಮೈದುನ ಬಲಕ್ಕೆ ಹಾರಿದ. ಬಲೆ ಸಣ್ಣಗೆ ಅಲುಗಿತು.

ಆಮೇಲೆ ನಡೆದದ್ದನ್ನು ಬರೆಯಲು ಈಗಲೂ ಮೈ ಮುದುಡುತ್ತದೆ. ನಾನು ಕುಣಿದೆ. ಗುರುತಿಲ್ಲದ ಒಬ್ಬ ಮುದುಕನನ್ನು ತಬ್ಬಿಕೊಂಡು ಎತ್ತಿದೆ. ಗುಲಾಲು ಎಲ್ಲಿಂದ ಬಂತೋ, ಯಾರ ಮದುವೆಗೆ ತಂದಿಟ್ಟದ್ದೋ, ಎಲ್ಲರ ತಲೆಯ ಮೇಲೂ ಬಿತ್ತು. ಕ್ಯಾಪ್ಟನ್ನನನ್ನು ಹೆಗಲ ಮೇಲೆ ಹೊತ್ತರು, ಅವನು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಮಗುವಿನಂತೆ ಅಳುತ್ತಿದ್ದ. ನಾನು ಮಾತ್ರ ಗೆದ್ದವರ ದೊಡ್ಡಸ್ತಿಕೆ ತೋರಿಸಲು ಸೋತವರ ಕಡೆ ಹೋದೆ. ಭಾವಮೈದುನ ನೆಲದ ಮೇಲೆ ಕುಳಿತು ಬೂಟು ಬಿಚ್ಚುತ್ತಿದ್ದ. ಅವನ ಬೆನ್ನು ತಟ್ಟಿದೆ.

"ಬ್ಯಾಸರ ಮಾಡ್ಕೋಬ್ಯಾಡಪಾ. ಆಟ ಅಂದ ಮ್ಯಾಲ ಹಿಂಗs. ಖರೇ ಹೇಳ್ತೀನಿ, ನೀ ಲಗೂನ ಹಾರಿದಿ. ಚೆಂಡ ನೋಡಿ ಹಾರಬೇಕ, ಕಾಲ ನೋಡಿ ಅಲ್ಲ."

ಹೀಗೆ ಹಾರಬೇಕು ಎಂದು ಕೈ ಚಾಚಿ, ಸೊಂಟ ಬಗ್ಗಿಸಿ ತೋರಿಸಿದೆ ಕೂಡ. ಅವನು ತಲೆ ತಗ್ಗಿಸಿಯೇ ಕೇಳಿಸಿಕೊಂಡ. "ಹೌದ್ರಿ ದಾಜಿ," ಎಂದ. ಅವನ ಭುಜ ಅಲುಗುತ್ತಿತ್ತು. ಸೋಲಿಗೆ ಅಳುತ್ತಿದ್ದಾನೆಂದು ನನಗೆ ಕನಿಕರವಾಯಿತು.

ಮುಂದಿನ ಸುತ್ತಿನಲ್ಲಿ ಕೊಲ್ಲಾಪುರದ ಇನ್ನೊಂದು ತಂಡದಿಂದ ನಾಲ್ಕು ಗೋಲು ತಿಂದೆವು. ಅದು ಯಾರ ಮನಸ್ಸಿಗೂ ನಾಟಲಿಲ್ಲ. ನಾನು ಒಂದು ಪೆಟ್ಟಿಗೆ ಪೇಢೆ ಕಟ್ಟಿಸಿಕೊಂಡು, ಹೆಂಡತಿಯನ್ನು ಕರೆದುಕೊಂಡು, ಅಧಿಕ ಮುಗಿಯುವುದರೊಳಗೆ ಕಾಗವಾಡಕ್ಕೆ ಹೋದೆ. ಅವರ ಮಗನನ್ನು ಸೋಲಿಸಿದ ಪೇಢೆಯನ್ನು ಅವರಿಗೇ ತಿನ್ನಿಸುವ ಸುಖ ಬಿಡಲಾರದೆ ಹೋದೆ. ಅತ್ತೆ ಪೆಟ್ಟಿಗೆ ತೆಗೆದುಕೊಂಡು ದೇವರ ಮುಂದಿಟ್ಟು ಬಂದರು.

"ಮುಟ್ಟಿತೇನ್ರಿ ಅಳಿಯಾರ ನಮ್ಮ ಆಹೇರಿ?"

ಉಟ್ಟಿದ್ದ ಹೊಸ ಧೋತರ ತೋರಿಸಿದೆ. "ಇದ ನೋಡ್ರಿ ಅತ್ತಿ, ಉಟ್ಕೊಂಡ ಬಂದೀನಿ."

"ಅದಲ್ರಿ. ಆ ಚೆಂಡಿಂದು."

ನನಗೆ ಒಮ್ಮೆಲೇ ಅರ್ಥವಾಗಲಿಲ್ಲ. ಅವರು ಸಂತೋಷದಿಂದ ಹೇಳುತ್ತ ಹೋದರು. ಮಗ ಮೊದಲು ಒಪ್ಪಲೇ ಇಲ್ಲವಂತೆ. ತಾಲೀಮಿನವರು ಏನೆಂದಾರು ಎಂದನಂತೆ. ಅತ್ತೆ ಒಂದು ದಿನ ಉಪವಾಸ ಕುಳಿತರಂತೆ. "ನಾರಾಯಣ ಮಣಿ ಮ್ಯಾಲ ಕುಂತ ಕೇಳ್ಯಾನ, ಇಲ್ಲ ಅನ್ನಾಕ ಬರತೈತೇನೋ ಅಂದ್ನಿ. ಹಿರೇ ಅಳಿಯಾರು ಟೇಪ್ ಕೇಳಿದ್ರು, ಕೊಟ್ವಿ. ನೀವು ಇಷ್ಟ ಸಣ್ಣದ ಕೇಳೀರಿ, ಅದನ್ನೂ ಕೊಡದಿದ್ರ ಹೆಂಗ್ರಿ?" ಎಂದರು. ಅವರ ಮುಖದಲ್ಲಿ ಒಂದು ಚೂರೂ ಕುಹಕ ಇರಲಿಲ್ಲ. ಕೇಳಿದ್ದನ್ನು ಕೊಟ್ಟ ತೃಪ್ತಿ ಮಾತ್ರ ಇತ್ತು. ನಾನು ನಾಚಿಕೆಯಿಂದ ಹಿಡಿಯಷ್ಟಾದೆ. ದೇವರ ಮುಂದಿದ್ದ ಪೇಢೆಯ ಪೆಟ್ಟಿಗೆ ಕಡೆ ನೋಡಲು ಆಗಲಿಲ್ಲ.

ರಜೆಗೆ ಊರಿಗೆ ಬಂದಿದ್ದ ಭಾವಮೈದುನ ಹೊಲದಿಂದ ಬರುವವರೆಗೆ ಕಾದೆ. ಬಾವಿಯ ಕಟ್ಟೆಯ ಮೇಲೆ ಕೂರಿಸಿ ಕೇಳಿದೆ. ಅವನು ಸುಳ್ಳು ಹೇಳಲಿಲ್ಲ, ಹೇಳಿದ್ದರೆ ಚೆನ್ನಾಗಿತ್ತು.

"ನಮ್ಮ ಹುಡುಗರಿಗೂ ಬ್ಯಾಡಾಗಿತ್ರಿ ದಾಜಿ. ಗೆದ್ರ ಮತ್ತ ನಿಪ್ಪಾಣಿಗಿ ಬರಬೇಕ. ಅದ ವಾರ ಸಾಂಗಲ್ಯಾಗ ದೊಡ್ಡ ಟೂರ್ನಮೆಂಟ್ ಇತ್ತು. ಹೋಗ್ಲಿ ಬಿಡ, ನಿನ್ನ ದಾಜಿಗಿ ಒಂದ ಗೋಲ್ ಕೊಡೂಣು ಅಂದ್ರು."

"ಹಂಗಾದ್ರ ಅಷ್ಟೊತ್ತ ಯಾಕ ಆಡಿದ್ರೋ? ಮೊದಲs ಕೊಟ್ಟ ಹೋಗಬೇಕಿತ್ತು."

ಅವನು ಹೇಳಲೋ ಬೇಡವೋ ಎಂದು ತೂಗುತ್ತಿದ್ದ.

"ನಿಮ್ಮಾವ್ರು ಗೋಲ್ ಕಡೆ ಬರಬೇಕಲ್ರಿ. ಕಾಯ್ದ ಕಾಯ್ದ ಸಾಕಾತು. ನಮ್ಮ ಡಿಫೆನ್ಸ್‌ನಾವ್ರು ಬಾಜೂಕ ಸರದ ನಿಂತ್ರೂ ಬರವಲ್ರು. ಕಡೀಕ ನಾವs ಚೆಂಡ ನಿಮ್ಮ ಕ್ಯಾಪ್ಟನ್ನನ ಕಾಲಿಗಿ ಕೊಟ್ವಿ."

ಅವನ ದನಿಯಲ್ಲಿ ಮತ್ತೆ ಆ ಹಳೆಯ ಮರುಕ ಇತ್ತು. ಸೋಲು ನನಗೆ ರೂಢಿಯಾಗಿತ್ತು. ಕೈಯಲ್ಲಿಟ್ಟು ಕೊಟ್ಟ ಗೆಲುವನ್ನು ಕೂಡ ಎತ್ತಿಕೊಳ್ಳಲು ಬಾರದವರು ನಾವು ಎಂಬುದು ರೂಢಿಯಾಗಿರಲಿಲ್ಲ. ಅವನಿಗೆ ಹಾರುವುದನ್ನು ಹೇಳಿಕೊಟ್ಟದ್ದು ನೆನಪಾಗಿ ಬಾವಿಗೆ ಬಿದ್ದುಬಿಡೋಣ ಎನ್ನಿಸಿತು. ಆ ದಿನ ಅವನ ಭುಜ ಯಾಕೆ ಅಲುಗುತ್ತಿತ್ತೆಂಬುದು ಆಗ ತಿಳಿಯಿತು.

ಬಸ್ಸಿನಲ್ಲಿ ತಿರುಗಿ ಬರುವಾಗ ಹೆಂಡತಿಯನ್ನು ಕೇಳಿದೆ, ನಿನಗೂ ಗೊತ್ತಿತ್ತೇನು ಎಂದು. ಅವಳು ಕಿಟಕಿಯಿಂದ ಹೊರಗೆ ನೋಡುತ್ತ, "ಗೊತ್ತಿತ್ತು. ಹೇಳಿದ್ರ ನೀವು ಹಂಗ ಕುಣೀತಿದ್ರೇನು?" ಎಂದಳು. ಮದುವೆಯಾದ ಮೇಲೆ ನಾನು ಕುಣಿದದ್ದನ್ನು ಅವಳು ಮೊದಲ ಸಲ ನೋಡಿದ್ದಳಂತೆ.

ಊರಿಗೆ ಬಂದರೆ ಗಲ್ಲಿಯವರು ಕ್ಯಾಪ್ಟನ್ನನಿಗೆ ಸತ್ಕಾರ ಇಟ್ಟುಕೊಂಡಿದ್ದರು. ಮಾರುತಿ ಗುಡಿಯ ಮುಂದೆ ಪೆಂಡಾಲು ಹಾಕಿದ್ದರು. ಓದು ಬರಹ ಬಲ್ಲ ದಿವಾಣಜಿಯೇ ನಾಲ್ಕು ಮಾತು ಆಡಬೇಕು ಎಂದು ನನ್ನ ಹೆಸರು ಹಾಕಿಬಿಟ್ಟಿದ್ದರು. ತಪ್ಪಿಸಿಕೊಳ್ಳಲು ಜ್ವರ ಎಂದು ಹೇಳಿ ಕಳಿಸಿದೆ. ಮನೆಗೇ ಬಂದು ಕರೆದೊಯ್ದರು. ಬೋರಗಾಂವದಿಂದ ಕ್ಯಾಪ್ಟನ್ನನ ಹೆಂಡತಿ, ಮಕ್ಕಳು, ವಯಸ್ಸಾದ ತಾಯಿ ಬಂದು ಮುಂದಿನ ಜಮಖಾನೆಯ ಮೇಲೆ ಕುಳಿತಿದ್ದರು. ಅವನು ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡಿದ್ದ. ತಲೆಯಲ್ಲಿ ನೂಲಿನ ಒಂದು ಎಳೆಯೂ ಇರಲಿಲ್ಲ, ಎಣ್ಣೆ ಹಚ್ಚಿ ಬಾಚಿದ್ದ. ನಾನು ಎದ್ದು ನಿಂತು ಮಾತಾಡಿದೆ. ಕಾಯುವುದನ್ನು ಕಲಿತವನಿಗೆ ದೇವರು ಕೊಡುತ್ತಾನೆ ಎಂದೆ. ನಮ್ಮ ಊರಿನ ಮಾನ ಒಂದು ಮೊಣಕಾಲಿನ ಮೇಲೆ ನಿಂತಿತ್ತು ಎಂದೆ. ಜನ ಚಪ್ಪಾಳೆ ತಟ್ಟಿದರು. ಅವನಿಗೆ ಶಾಲು ಹೊದಿಸಿ, ತೆಂಗಿನಕಾಯಿ ಕೊಟ್ಟೆ. ಅವನು ನನ್ನ ಮುಖ ನೋಡಲಿಲ್ಲ. ಸಂಕೋಚದ ಮನುಷ್ಯ ಎಂದುಕೊಂಡೆ. ಅವನಿಗೆ ಈ ಸುದ್ದಿ ಯಾವತ್ತೂ ಮುಟ್ಟದ ಹಾಗೆ ನೋಡಿಕೊಳ್ಳುವುದು ನನ್ನ ಜವಾಬ್ದಾರಿ ಎಂದು ಅಂದೇ ನಿಶ್ಚಯಿಸಿದೆ.

ಆ ವರ್ಷವೆಲ್ಲ ನಾನು ಕಳ್ಳನಂತೆ ಓಡಾಡಿದೆ. ಹೋಟೆಲಿನಲ್ಲಿ ಆ ಗೋಲಿನ ಮಾತು ಬಂದರೆ ಅರ್ಧ ಚಹಾ ಬಿಟ್ಟು ಏಳುತ್ತಿದ್ದೆ. ಕ್ಯಾಪ್ಟನ್ ಅಂಗಿ ಬಿಚ್ಚಿಡುವ ಮಾತು ಮರೆತು ಆಡುವುದನ್ನು ಮುಂದುವರಿಸಿದ, ಅದಕ್ಕೂ ನಾನೇ ಕಾರಣ ಅನ್ನಿಸಿತು. ಭಾವಮೈದುನ ಮನೆಗೆ ಬಂದಾಗ ತಂಡದ ಹುಡುಗರು ಯಾರೂ ಅವನ ಹತ್ತಿರ ಮಾತಿಗೆ ನಿಲ್ಲದ ಹಾಗೆ ಅವನನ್ನು ಬಸ್ ಸ್ಟ್ಯಾಂಡಿನಿಂದ ಹಿಂದಿನ ಓಣಿಯಲ್ಲಿ ಕರೆತರುತ್ತಿದ್ದೆ. ಇಷ್ಟೆಲ್ಲ ಮಾಡುವಾಗ, ನಾನು ಒಳ್ಳೆಯವನು, ಬೇರೆಯವರ ಸಂತೋಷ ಕಾಯುತ್ತಿದ್ದೇನೆ ಎಂಬ ಒಂದು ಸಮಾಧಾನವೂ ಒಳಗೆ ಇತ್ತು. ನಾಚಿಕೆಯನ್ನು ಹಾಗೆ ಸುತ್ತಿಟ್ಟಿದ್ದೆ.

ಮರುವರ್ಷದ ಬೇಸಿಗೆಗೆ ಅದೇ ತಂಡ ಬಂತು, ಐದು ಗೋಲು ಹೊಡೆದು ಹೋಯಿತು. ಭಾವಮೈದುನ ಬಹಳ ಹೊತ್ತು ಕಂಬಕ್ಕೆ ಒರಗಿ ನಿಂತು ಗೋಡೆಯಾಚೆಯ ಜನರೊಡನೆ ಹರಟುತ್ತಿದ್ದ. ಮರುದಿನ ಮಧ್ಯಾಹ್ನ, ಕೂಲಿಯವರು ಊಟಕ್ಕೆ ಹೋಗಿ ವಖಾರಿ ಖಾಲಿಯಾದ ಹೊತ್ತಿಗೆ, ಕ್ಯಾಪ್ಟನ್ ಕುಂಟುತ್ತ ಬಂದ. ಮುಂದಿನ ವರ್ಷ ನೋಡ್ರಿ ಎನ್ನಲು ಬಂದಿದ್ದಾನೆ ಎಂದುಕೊಂಡು ಚೀಲದ ಮೇಲೆ ಜಾಗ ಮಾಡಿಕೊಟ್ಟೆ. ಅವನು ಕುಳಿತು ಎರಡು ಸಲ ಸೀನಿದ.

"ದಿವಾಣಜಿ, ಒಂದ ಮಾತ ಕೇಳ್ತೀನಿ, ಸಿಟ್ಟಾಗಬ್ಯಾಡ್ರಿ."

"ಕೇಳಪಾ."

"ಅಧಿಕ ಮಾಸ ಮತ್ತ ಯಾವಾಗ ಬರತೈತ್ರಿ?"

ನನ್ನ ಕೈಯಲ್ಲಿದ್ದ ಪೆನ್ನು ಅಲ್ಲೇ ನಿಂತಿತು. ಅವನು ನೆಲ ನೋಡುತ್ತ ಮಾತಾಡಿದ. "ಹ್ವಾದ ವರ್ಷನ ಗೊತ್ತಾತ್ರಿ. ತಂಬಾಕಿನ ಲಾರಿ ಡ್ರೈವರ್ ಕೊಲ್ಲಾಪುರದಾಗ ಕೇಳಿ ಬಂದ ಹೇಳಿದ. ಗಲ್ಲಿಗೆಲ್ಲಾ ಗೊತ್ತೈತಿ. ನಿಮಗ ಬ್ಯಾಸರ ಆಕ್ಕೈತಿ ಅಂತ ಯಾರೂ ಬಾಯಿ ಬಿಡಲಿಲ್ರಿ."

"ಯಾವಾಗ ಗೊತ್ತಾತು? ಸತ್ಕಾರದಕಿಂತ ಮೊದಲs?"

"ಮೊದಲs ರಿ."

ಆ ಪೆಂಡಾಲು, ಆ ಚಪ್ಪಾಳೆ, ಮೊಣಕಾಲಿನ ಮೇಲೆ ನಿಂತ ಮಾನ. ಎಲ್ಲರೂ ಗೊತ್ತಿದ್ದೇ ಕುಳಿತು ನನ್ನ ಭಾಷಣ ಕೇಳಿದ್ದರು. ನಾನು ಅವರನ್ನು ಕಾಯುತ್ತಿದ್ದೇನೆ ಎಂದುಕೊಂಡಿದ್ದೆ, ಇಡೀ ಗಲ್ಲಿ ನನ್ನನ್ನು ಕಾದಿತ್ತು.

"ಮತ್ತ ಶಾಲ ಯಾಕ ಹೊತಗೊಂಡಿ?" ಎಂದೆ. ನನ್ನ ದನಿ ನನಗೇ ಒರಟಾಗಿ ಕೇಳಿಸಿತು.

"ನಮ್ಮವ್ವ ಮುಂದ ಕುಂತಿದ್ಲಲ್ರಿ," ಎಂದ. ಮೊಣಕಾಲು ಸವರಿಕೊಳ್ಳುತ್ತ, "ಖೊಟ್ಟಿ ಗೆಲವ ಆದ್ರೂ ಛಲೋ ಅನ್ನಸ್ತಿತ್ರಿ. ಇನ್ನೊಮ್ಮೆ ಆದ್ರ ಏನ ತಪ್ಪೈತಿ? ನಿಮ್ಮ ಅತ್ತಿ ಇಲ್ಲ ಅನ್ನಾಂಗಿಲ್ಲ" ಎಂದ.

ಅವನ ಮೇಲೆ ಸಿಟ್ಟಾಗಬೇಕಿತ್ತು. ಇದು ಆಟವೇ ಎಂದು ಕೇಳಬೇಕಿತ್ತು. ಬಾಯಿಂದ ಬಂದದ್ದು ಬೇರೆ.

"ಮುಂದಿನ ವರ್ಷ. ಭಾದ್ರಪದದಾಗ. ತುಂಬಿದ ಮಳಿಗಾಲ, ಆವಾಗ ನಮ್ಮ ಟೂರ್ನಮೆಂಟ್ ಇರಂಗಿಲ್ಲ."

ಪಂಚಾಂಗ ನೋಡಲಿಲ್ಲ, ಬೆರಳು ಮಡಚಿ ಎಣಿಸಲಿಲ್ಲ. ಕೇಳಿದ ಕೂಡಲೇ ಹೇಳಿಬಿಟ್ಟೆ. ಅವನು ಮೊದಲ ಸಲ ತಲೆ ಎತ್ತಿ ನನ್ನನ್ನು ನೋಡಿದ, ಮತ್ತೆ ಬೇಗನೆ ದೃಷ್ಟಿ ಬೇರೆ ಕಡೆ ತಿರುಗಿಸಿದ. ಅವನಿಗೂ ಮರ್ಯಾದೆ ಗೊತ್ತಿತ್ತು.

"ಟೂರ್ನಮೆಂಟ್ ಮಳಿಗಾಲದಾಗ ಇಟ್ರ ಹೆಂಗ್ರಿ?" ಎಂದು ಅವನು ಮೆಲ್ಲಗೆ ಕೇಳಿದ.

ನನ್ನ ಕಿವಿಗಳು ಕೆಂಪಗಾದವು. ಕೆಸರಿನಲ್ಲಿ ಆಡಿಸಲು ಬರುತ್ತದೆಯೇ ಎಂದು ನಾನು ಹಿಂದಿನ ವಾರವೇ, ಈ ಐದು ಗೋಲು ತಿನ್ನುವುದಕ್ಕೂ ಮೊದಲೇ, ಟೂರ್ನಮೆಂಟ್ ಕಮಿಟಿಯವರನ್ನು ಕೇಳಿ ಬಂದಿದ್ದೆ.